ಮನೆಕಿವಿ

ಗೋಡೆಗೆ ಅಂಟಿಸಿಹೋದ ಪೆಟ್ಟಿಗೆ ಕುಂಕುಮದ ಭರಣಿಗಿಂತ ದೊಡ್ಡದಿರಲಿಲ್ಲ. ಬೂದು ಬಣ್ಣ, ಮುಖದ ತುಂಬ ಜರಡಿಯಂಥ ತೂತುಗಳು, ಪಕ್ಕದಲ್ಲೊಂದು ಹಸಿರು ಚುಕ್ಕೆ. ಅಂಟಿಸಲು ಬಂದಿದ್ದ ಧ್ವನಿಸತ್ಯ ಕೇಂದ್ರದ ಹೆಂಗಸು, “ಇದು ಇಲ್ಲಿದೆ ಅನ್ನೋದನ್ನೇ ಮರೆತುಬಿಡಿ ಅಮ್ಮ, ದಿನಾ ಹೇಗಿರ್ತೀರೋ ಹಾಗೇ ಇರಿ” ಎಂದು ಹೇಳಿಹೋಗಿದ್ದಳು. ಗಂಗಹನುಮಕ್ಕನಿಗೆ ಮರೆಯಲು ಆಗಲಿಲ್ಲ. ಊಟಕ್ಕೂ ಏಳದೆ, ಹೊರಡಲೂ ಹೊರಡದೆ ಕೂತುಬಿಟ್ಟ ನೆಂಟರನ್ನು ನೋಡುವಂತೆ ಅದನ್ನೇ ನೋಡಿದಳು.

“ಇದಕ್ಕೆ ಕಣ್ಣೂ ಐತಾ?” ಎಂದು ಸೊಸೆಯನ್ನು ಕೇಳಿದಳು.

“ಇಲ್ಲ ಅತ್ತೆ. ಬರೀ ಕಿವಿ.”

“ಕಣ್ಣಿಲ್ದಿದ್ರೆ ಸರಿ ಬಿಡು” ಎಂದು ಹನುಮಕ್ಕ ಸೊಪ್ಪು ಬಿಡಿಸಲು ಕೂತಳು.

ಸೊಸೆ ಸಿಂಚನ ಅಲ್ಲೇ ನಿಂತಿದ್ದಳು. ಏನೋ ಕೇಳಿಕೊಳ್ಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಕೇಳಿಕೊಳ್ಳುವ ಹಾಗಿರಲಿಲ್ಲ. ಹೀಗೆ ಮಾತಾಡಿ, ಹಾಗೆ ಮಾತಾಡಿ ಎಂದು ಮನೆಯವರಿಗೆ ಹೇಳಿಕೊಟ್ಟದ್ದು ಪೆಟ್ಟಿಗೆಯ ಕಿವಿಗೆ ಬಿದ್ದರೆ ಅವಳ ಕೆಲಸದ ಅರ್ಜಿ ಅಲ್ಲಿಗೇ ರದ್ದು.

ಕೆಲಸ ಹುಡುಕುವವರ ಪಾಡು ಹೀಗಾದದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಅರ್ಜಿ ಬರೆದುಕೊಡುವ ಯಂತ್ರಗಳು ಬಂದವು. ಒಬ್ಬರ ಅರ್ಜಿ ಇದ್ದಂತೆ ಇನ್ನೊಬ್ಬರದು, ತಪ್ಪಿಲ್ಲ, ತೊದಲಿಲ್ಲ. ಆಮೇಲೆ ಸಂದರ್ಶನಕ್ಕೆ ಹೋಗುವವರು ಕಿವಿಯೊಳಗೆ ಅಕ್ಕಿಕಾಳಿನಷ್ಟು ಯಂತ್ರ ಇಟ್ಟುಕೊಂಡು, ಅದು ಹೇಳಿಕೊಟ್ಟದ್ದನ್ನು ಒಪ್ಪಿಸಿ ಬರತೊಡಗಿದರು. ಎಲ್ಲರೂ ಬುದ್ಧಿವಂತರು, ಎಲ್ಲರೂ ವಿನಯವಂತರು, ಕಷ್ಟದ ಕೆಲಸವೆಂದರೆ ಎಲ್ಲರಿಗೂ ಪ್ರಾಣ. ನೂರಾರು ಜನರ ನಡುವೆ ಎದ್ದು ಕಾಣುವುದು ಹೇಗೆಂದು ಕಲಿಸುವ ಶಾಲೆಗಳು ಬೀದಿಗೊಂದು ಹುಟ್ಟಿ, ಅಲ್ಲಿ ಕಲಿತವರೆಲ್ಲ ಒಂದೇ ಥರ ಎದ್ದು ಕಂಡರು. ಕೆಲಸ ಕೊಡುವವರಿಗೆ ತಲೆ ಚಿಟ್ಟುಹಿಡಿಯಿತು.

ಆಗ ಯಾರಿಗೋ ಹೊಳೆಯಿತಂತೆ. ತನ್ನ ಬಗ್ಗೆ ತಾನು ಹೇಳಿಕೊಳ್ಳುವುದನ್ನು ನಂಬುವಂತಿಲ್ಲ, ಹೊರಗಿನವರ ಶಿಫಾರಸನ್ನು ಕೊಂಡುಕೊಳ್ಳಬಹುದು. ಆದರೆ ಜೊತೆಗೆ ಉಂಡು ಮಲಗುವವರು, ಆ ಮನುಷ್ಯ ಎದುರಿಗಿಲ್ಲದಾಗ ಅವನ ಬಗ್ಗೆ ಏನು ಹೇಳುತ್ತಾರೆ? ಅದನ್ನು ಕೇಳಿಸಿಕೊಳ್ಳಲೆಂದೇ ಹುಟ್ಟಿದ್ದು ಮನೆಕಿವಿ. ಅದು ಮಾತನ್ನು ಒಂದು ತಟ್ಟೆಯಲ್ಲಿ, ದನಿಯನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗುತ್ತದೆ. ಸುಳ್ಳು ಹೇಳುವವರ ಗಂಟಲಿನ ಎಳೆಗಳು ಅವರಿಗೇ ತಿಳಿಯದ ಹಾಗೆ ಬಿಗಿಯುತ್ತವೆ, ಉಸಿರು ಕೂದಲೆಳೆಯಷ್ಟು ಬೇಗ ಮುಗಿಯುತ್ತದೆ. ಮನುಷ್ಯರ ಕಿವಿಗೆ ಅದು ಸಿಕ್ಕುವುದಿಲ್ಲ, ಪೆಟ್ಟಿಗೆಗೆ ಸಿಕ್ಕುತ್ತದೆ. ಎರಡೂ ತಟ್ಟೆ ಸಮನಾದರೆ ‘ದಿಟ’ ಎಂದು ಬರೆದುಕೊಳ್ಳುತ್ತದೆ, ಸಮನಾಗದಿದ್ದರೆ ‘ಹುಸಿ’.

ಪೆಟ್ಟಿಗೆ ಬಂದಮೇಲೆ ತುಮಕೂರಿನ ಅಂಚಿನ ಈ ಬಡಾವಣೆಯಲ್ಲಿ ಹೊಗಳಿಕೆಯ ಸುಗ್ಗಿಯೇ ಶುರುವಾಗಿತ್ತು. ಎದುರುಮನೆ ರುದ್ರಯ್ಯ ಮೂವತ್ತು ವರ್ಷ ಮಗನನ್ನು ‘ದಂಡಪಿಂಡ’ ಎಂದೇ ಕರೆದವನು, ಈಗ ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಂಡು, “ನಮ್ಮುಡುಗ ಬಂಗಾರ ಕಣ್ರೀ” ಎಂದು ಕೂಗುತ್ತಿದ್ದ. ಪೆಟ್ಟಿಗೆ ಮರುಳಾಗಲಿಲ್ಲ. ಮಗನ ಫಲಿತಾಂಶದಲ್ಲಿ ಉದ್ದಕ್ಕೂ ಹುಸಿ ಎಂದು ಬಂತು. ತನ್ನಪ್ಪ ಮನಸ್ಸಿನಲ್ಲಿ ತನ್ನನ್ನು ಏನೆಂದುಕೊಂಡಿದ್ದಾನೆಂದು ಅಚ್ಚಾಗಿ ಬಂದದ್ದನ್ನು ಓದಿದ ಮಗ ಅಂದಿನಿಂದ ತಂದೆಯ ಜೊತೆ ಕೂತು ಉಣ್ಣುತ್ತಿಲ್ಲ. ಇಂಥ ಮನೆಗಳು ಒಂದೆರಡಲ್ಲ.

ಸಿಂಚನ ಅರ್ಜಿ ಹಾಕಿದ್ದು ಹೊಸ ನೀರು ಶುದ್ಧೀಕರಣ ಘಟಕದ ನಿಯಂತ್ರಣ ಕೊಠಡಿಗೆ. ಘಟಕ ನಡೆಸುವುದೆಲ್ಲ ಯಂತ್ರಗಳೇ. ಅವುಗಳ ಮೇಲೆ ಕಣ್ಣಿಡಲು ಒಬ್ಬರೇ ಒಬ್ಬರು ಮನುಷ್ಯರು ಬೇಕಿತ್ತು. ಕೆಲಸದ ಜೊತೆಗೆ ಇರಲು ಮನೆ ಕೊಡುತ್ತಿದ್ದರು. ಬರೆಯುವ ಪರೀಕ್ಷೆಯಲ್ಲಿ ಅವಳಿಗಿಂತ ಮೇಲೆ ಯಾರೂ ಇರಲಿಲ್ಲ, ಆದರೆ ಅವಳಷ್ಟೇ ಅಂಕ ತೆಗೆದವರು ಇನ್ನೂ ಹಲವರಿದ್ದರು. ಇನ್ನು ಮನೆಕಿವಿ ಹೇಳಿದ್ದೇ ಕೊನೆಯ ಮಾತು.

ಕೆಲಸ ಸಿಕ್ಕದಿದ್ದರೆ ಏನೆಂಬುದು ಇಬ್ಬರಿಗೂ ಗೊತ್ತಿತ್ತು. ಹನುಮಕ್ಕನ ಮಗ ಚೇತನ ತೀರಿಕೊಂಡ ಮೇಲೆ ಅವನ ಕೆಲಸದ ಕಡೆಯಿಂದ ಬರುತ್ತಿದ್ದ ಆಸರೆಯ ಸಂಬಳ ಯುಗಾದಿಗೆ ನಿಲ್ಲುತ್ತಿತ್ತು, ಆಮೇಲೆ ಮನೆಬಾಡಿಗೆಗೆ ದಾರಿ ಇರಲಿಲ್ಲ. ಸಿಂಚನಳ ಅಣ್ಣ ಶಿರಾದಿಂದ ಬಂದು ಹೇಳಿಹೋಗಿದ್ದ, ತಂಗಿ ಬರಲಿ, ಅತ್ತೆಗೆ ಜಾಗ ಇಲ್ಲ ಎಂದು. ಅವನದೂ ತಪ್ಪಲ್ಲ, ಒಂದು ಕೋಣೆಯ ಮನೆ. ಹನುಮಕ್ಕ ಪಾವಗಡದ ತನ್ನ ತಂಗಿಯ ಮನೆಗೆ ಹೋಗಬೇಕು. ಒಂದೇ ಒಲೆಯ ಮುಂದೆ ಐದು ವರ್ಷ ಬದುಕಿದ ಇಬ್ಬರು ಹೆಂಗಸರು ಒಬ್ಬೊಬ್ಬರು ಒಂದೊಂದು ದಿಕ್ಕಾಗಬೇಕು.

ಇಷ್ಟೆಲ್ಲ ಗೊತ್ತಿದ್ದೂ, ಪೆಟ್ಟಿಗೆ ಬಂದ ವಾರದಲ್ಲೇ ರುದ್ರಯ್ಯನ ಹೆಂಡತಿ ನಾಗರತ್ನ ಬಾಗಿಲಲ್ಲಿ ನಿಂತು, “ಏನು ಹನುಮಕ್ಕ, ನಿಮ್ ಸೊಸೆ ಎಲ್ಲಾರ್ಗಿಂತ ಮೇಲ್ಬಂದ್ಲಂತೆ?” ಎಂದು ಕೇಳಿದಾಗ ಅವಳ ಬಾಯಿಂದ ಬಂದದ್ದು ಇದು:

“ಎಲ್ಲಿ ಬರ್ತಾಳೆ ಬಿಡವ್ವ. ಏನೋ ಕಣ್ಮುಚ್ಕೊಂಡು ಗೀಚವ್ಳೆ, ಅದೂ ಮೇಲ್ಬಂತಾ? ನೆಟ್ಟುಗೆ ಒಂದು ಬಸ್ಸಾರು ಮಾಡಾಕ್ ಬರಲ್ಲ, ಇವ್ಳು ಊರಿಗೆ ನೀರು ಬಿಡ್ತಾಳಾ?”

ಗೋಡೆಯ ಹಸಿರು ಚುಕ್ಕೆ ಹಳದಿಗೆ ತಿರುಗಿತು. ಹನುಮಕ್ಕ ನೋಡಿದಳು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವಳು ಬೆಳೆದದ್ದೇ ಹಾಗೆ. ಅವಳ ತಾಯಿಗೆ ಹುಟ್ಟಿದ ಗಂಡುಮಕ್ಕಳು ಉಳಿಯುತ್ತಿರಲಿಲ್ಲ. ಕೊನೆಗೆ ಹುಟ್ಟಿದವನನ್ನು ತಿಪ್ಪೆಯ ಮೇಲೆ ಹೊರಳಿಸಿ, ತಿಪ್ಪ ಎಂದು ಹೆಸರಿಟ್ಟು, ಬಂದವರ ಮುಂದೆಲ್ಲ ‘ಈ ಕಸ ಯಾರಿಗೆ ಬೇಕು’ ಎಂದು ಹೇಳಿಹೇಳಿ ಸಾಕಿದರು. ಆ ತಿಪ್ಪ ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಚೆಂದದ ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಡಬೇಕು, ತುಂಬಿದ ಮಡಕೆಯನ್ನು ಮುಚ್ಚಿಡಬೇಕು, ಪ್ರೀತಿಯವರನ್ನು ನಾಲ್ಕು ಜನರೆದುರು ಹಳಿಯಬೇಕು. ಗುಂಪಿನಲ್ಲಿ ಎದ್ದು ಕಂಡವರ ಮೇಲೆಯೇ ಕಣ್ಣು ಬೀಳುವುದು. ಇದು ಅವಳಿಗೆ ಯಾರೂ ಪಾಠ ಮಾಡಿ ಹೇಳಿಕೊಟ್ಟದ್ದಲ್ಲ.

ಒಂದೇ ಒಂದು ಸಲ ಅವಳು ತಪ್ಪಿದ್ದಳು. ಚೇತನ ಮದುವೆಯಾದ ಹೊಸತರಲ್ಲಿ, ಊರಿಗೂರೇ ಅರ್ಜಿ ಹಾಕಿದ್ದ ಕೆಲಸ ಅವನಿಗೆ ಸಿಕ್ಕಿತು. ಮನೆ ತುಂಬ ಜನ. ಹನುಮಕ್ಕ ಸಿಹಿ ಹಂಚುತ್ತ ಹಂಚುತ್ತ ಹಿಗ್ಗಿನಲ್ಲಿ ಮೈಮರೆತು, “ನನ್ನ ಮಗನಂಥೋನು ಈ ಬೀದೀಲಿ ಇನ್ನೊಬ್ಬನಿಲ್ಲ” ಎಂದುಬಿಟ್ಟಳು. ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸುವುದೂ ಮರೆತುಹೋಯಿತು. ಅದೇ ತಿಂಗಳು ಅವನಿಗೆ ಜ್ವರ ಬಂದು ಮಿದುಳಿಗೇರಿತು. ಡಾಕ್ಟರು ಯಾವುದೋ ವೈರಸ್ಸಿನ ಹೆಸರು ಹೇಳಿ, ಯಾರ ತಪ್ಪೂ ಅಲ್ಲ ಎಂದು ಬಿಡಿಸಿ ಹೇಳಿದರು. ಹನುಮಕ್ಕ ತಲೆಯಾಡಿಸಿ ಎಲ್ಲ ಕೇಳಿಸಿಕೊಂಡಳು. ಆದರೆ ಮಗನನ್ನು ಕೊಂದದ್ದು ತನ್ನ ಬಾಯಿ ಎಂಬುದು ಅವಳಿಗೆ ಗೊತ್ತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಅಂದಿನಿಂದ ಅವಳು ಯಾರನ್ನೂ ಹೊಗಳಿದವಳಲ್ಲ. ಉಳಿದಿದ್ದವಳು ಸೊಸೆಯೊಬ್ಬಳೇ. ಅವಳನ್ನಾದರೂ ಉಳಿಸಿಕೊಳ್ಳಬೇಕೆಂದು ಸುತ್ತಲೂ ಬೈಗುಳದ ಬೇಲಿ ಹಾಕಿದ್ದಳು. ಸಿಂಚನ ಹೊಸ ಸೀರೆ ಉಟ್ಟರೆ ‘ಕಾಗೆ ಹಂಗ್ ಕಾಣ್ತಿ’, ಚೆನ್ನಾಗಿ ಅಡುಗೆ ಮಾಡಿದರೆ ‘ನಾಯೀನೂ ಮೂಸಲ್ಲ’. ಬೈದು, ಎರಡನೆಯ ಸಲ ಬಡಿಸಿಕೊಂಡು ಉಣ್ಣುತ್ತಿದ್ದಳು.

ಕೇಂದ್ರದಿಂದ ಕರೆ ಬಂತು. ಧ್ವನಿಸತ್ಯ ಕೇಂದ್ರವೆಂದು ಬೋರ್ಡು ಹಾಕಿದ ಆ ಕಟ್ಟಡದಲ್ಲಿ ಅಭ್ಯರ್ಥಿಗಳನ್ನು ಒಳಗೆ ಬಿಡುವುದಿಲ್ಲ. ಸಿಂಚನ ಹೊರಗಿನ ಬೆಂಚಿನಲ್ಲಿ ಕೂತಳು. ಹನುಮಕ್ಕನನ್ನು ಒಳಗೆ ಕರೆದೊಯ್ದವಳು ಮೈತ್ರೇಯಿ, ಕನ್ನಡಕದ ಹಿಂದೆ ನಿದ್ದೆಗೆಟ್ಟ ಕಣ್ಣುಗಳ ತರುಣಿ. ಮನೆಕಿವಿಯನ್ನು ಕಟ್ಟಿದ ವಿಜ್ಞಾನಿಗಳಲ್ಲಿ ತಾನೂ ಒಬ್ಬಳೆಂದು ಹೇಳಿಕೊಂಡಳು. ಹೇಳುವಾಗ ಹೆಮ್ಮೆಯೇನೂ ಕಾಣಲಿಲ್ಲ.

ಪರದೆಯ ಮೇಲೆ ಎರಡು ಗೆರೆಗಳಿದ್ದವು, ಒಂದು ಕೆಂಪು, ಒಂದು ನೀಲಿ.

“ಕೆಂಪು ಗೆರೆ ನಿಮ್ಮ ಮಾತು ಅಮ್ಮ. ನೀಲಿ ನಿಮ್ಮ ದನಿ. ಮನಸಾರೆ ಬೈಯೋರ ಮನೇಲಿ ಎರಡೂ ಕೆಳಗಿರುತ್ತೆ, ಮನಸಾರೆ ಹೊಗಳೋರ ಮನೇಲಿ ಎರಡೂ ಮೇಲಿರುತ್ತೆ, ಸುಳ್ಳೇ ಹೊಗಳೋರದು ನೀಲಿ ಮಾತ್ರ ಕೆಳಗಿರುತ್ತೆ. ನಿಮ್ಮದು ನೋಡಿ, ಕೆಂಪು ಪಾತಾಳಕ್ಕೆ ಹೋಗಿದೆ, ನೀಲಿ ಮೇಲೇ ನಿಂತಿದೆ. ನಿಮ್ಮ ಬಾಯಿ ಬೈತಾ ಇದೆ, ದನಿ ಬೈತಾ ಇಲ್ಲ. ಇಂಥದ್ದು ನಮಗೆ ಇದುವರೆಗೂ ಬಂದಿಲ್ಲ. ಈ ಮನೆಯವರು ಮೋಸ ಮಾಡ್ತಿದ್ದಾರೆ ಅಂತ ಯಂತ್ರ ಗುರುತು ಹಾಕಿದೆ.”

“ಮೋಸ ಯಾಕ್ ಮಾಡ್ಲವ್ವ ನಾನು?”

“ನನಗೂ ಹಾಗನ್ನಿಸಲ್ಲ. ಅದಕ್ಕೇ ಕರೆಸಿದ್ದು. ಮೋಸ ಅಂತ ಗುರುತು ಬಿದ್ದವರಿಗೆ ಇನ್ನೊಂದು ಪರೀಕ್ಷೆ ಕೊಡೋ ಅವಕಾಶ ಇದೆ. ಒಳಗೊಂದು ಕೋಣೆ ಇದೆ, ಅಲ್ಲಿ ಕೂತು ಸೊಸೆ ಬಗ್ಗೆ ಮನಸ್ಸಲ್ಲಿ ಏನಿದೆಯೋ ಅದನ್ನ ಹೇಳಿ. ಮಾತೂ ದನೀನೂ ಹೊಂದಿಕೊಂಡ್ರೆ ಸಾಕು.”

ಕೋಣೆಯ ಗೋಡೆ, ಸೂರು, ಬಾಗಿಲಿಗೆಲ್ಲ ಮೊನಚು ಮೊನಚಾದ ಸ್ಪಂಜಿನ ಹಲ್ಲುಗಳನ್ನು ಜೋಡಿಸಿದ್ದರು. ಹನುಮಕ್ಕ ಕುರ್ಚಿಯಲ್ಲಿ ಕೂತು, ಮುಂದೆ ತೂಗುಬಿದ್ದ ಮೈಕನ್ನು ನೋಡಿದಳು. ಹೊರಗೆ ಬೆಂಚಿನ ಮೇಲೆ ಕೂತ ಸೊಸೆ ಕಣ್ಣಮುಂದೆ ಬಂದಳು, ಅವಳನ್ನು ಕರೆದೊಯ್ಯುವ ಶಿರಾದ ಬಸ್ಸೂ ಬಂತು. ಒಂದೇ ಒಂದು ಒಳ್ಳೆಯ ಮಾತು ಸಾಕಿತ್ತು. ಬಾಯಿ ತೆರೆದಳು. ಆ ದಿನ ಕಾದ ಹೆಂಚಿನಂತೆ ಸುಡುತ್ತಿದ್ದ ಮಗನ ಮೈ ಮತ್ತೆ ಕೈಗೆ ತಾಗಿದಂತಾಯಿತು.

“ಇವ್ಳಿಗೆ...” ಎಂದಳು. “ಇವ್ಳಿಗೆ ಏನೂ ಬರಲ್ಲ.”

ಎದ್ದು ಹೊರಗೆ ಬಂದುಬಿಟ್ಟಳು. ಮೈತ್ರೇಯಿ, “ವಾರದ ಕೊನೇವರೆಗೂ ಟೈಮಿದೆ ಅಮ್ಮ, ಇನ್ನೊಂದು ಸಲ ಬನ್ನಿ” ಎಂದು ಹಿಂದಿನಿಂದ ಹೇಳಿದಳು.

ಒಳ್ಳೆಯ ಮಾತು ಬಂದಿಲ್ಲವೆಂದು ಅತ್ತೆಯ ಮುಖ ನೋಡಿಯೇ ಸಿಂಚನಳಿಗೆ ತಿಳಿಯಿತು. ಮನೆಗೆ ಬಂದಮೇಲೆ ಅಟ್ಟದಿಂದ ಸೂಟ್‌ಕೇಸ್ ಇಳಿಸಿ, ಬಟ್ಟೆ ಮಡಿಸಲು ಶುರುಮಾಡಿದಳು. ಹನುಮಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಸಿಂಚನ ತನ್ನ ಸೀರೆಗಳನ್ನು ಒಂದು ಕಡೆ, ಅತ್ತೆಯ ಸೀರೆಗಳನ್ನು ಒಂದು ಕಡೆ ಬೇರೆ ಮಾಡಿ ಇಡುತ್ತಿದ್ದಳು. ಇಷ್ಟು ವರ್ಷ ಎರಡೂ ಒಂದೇ ಬೀರುವಿನಲ್ಲಿ ಕಲೆತುಹೋಗಿದ್ದವು.

“ಅಣ್ಣಂಗೆ ಫೋನ್ ಮಾಡ್ದೆ” ಎಂದಳು ಸಿಂಚನ. “ಭಾನುವಾರ ಬರ್ತಾನಂತೆ.”

“ಹೂಂ.”

“ಅತ್ತೆ, ಒಂದು ಮಾತು ಕೇಳ್ತೀನಿ. ನನ್ನನ್ನ ಹೊಗಳಿ ಅಂತ ಅಲ್ಲ. ಅದು ಮುಗೀತು. ನಂಗೆ ತಿಳ್ಕೋಬೇಕು ಅಷ್ಟೇ.” ಅವಳ ಕೈ ಮಡಿಸುತ್ತಲೇ ಇತ್ತು, ಮುಖ ಎತ್ತಲಿಲ್ಲ. “ನಾನು ಈ ಮನೆಗೆ ಬಂದು ನಾಲ್ಕು ತಿಂಗಳಿಗೆ ಅವ್ರು ಹೋದ್ರು. ನನ್ನ ಕಾಲ್ಗುಣದಿಂದ ಅಂತಾನೇ ಅಲ್ವಾ ನೀವು ಅಂದ್ಕೊಂಡಿರೋದು? ಅದಕ್ಕೇ ಅಲ್ವಾ ಒಂದು ದಿನಾನೂ ಒಂದು ಒಳ್ಳೆ ಮಾತು ಬರದೇ ಇದ್ದಿದ್ದು?”

ಹನುಮಕ್ಕ ಹೊಸ್ತಿಲಿಂದ ಎದ್ದುನಿಂತಳು. ಐದು ವರ್ಷ ಈ ಹುಡುಗಿ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತನಗೆ ಅನ್ನ ಬಡಿಸಿದ್ದಾಳೆ.

“ಬಾಯ್ಮುಚ್ಚು. ಏನೇನೋ ಮಾತಾಡ್ಬೇಡ” ಎಂದಳು.

“ಸರಿ ಅತ್ತೆ” ಎಂದು ಸಿಂಚನ ಇನ್ನೊಂದು ಸೀರೆ ಎತ್ತಿಕೊಂಡಳು.

ಹನುಮಕ್ಕ ಆ ತನಕ ಒಂದು ಸಮಾಧಾನ ಮಾಡಿಕೊಂಡಿದ್ದಳು. ಶಿರಾದಲ್ಲಿದ್ದರೂ ಬದುಕಿರುತ್ತಾಳಲ್ಲ, ಹೊಗಳಿ ಮಣ್ಣು ಮಾಡುವುದಕ್ಕಿಂತ ಬೈದು ಕಳಿಸಿಕೊಡುವುದೇ ಮೇಲು ಎಂದು. ಈಗ ಆ ಸಮಾಧಾನ ಕುಸಿದುಬಿತ್ತು. ಹೋಗುವವಳು ಹೀಗೆ ಹೋಗುತ್ತಾಳೆ, ಗಂಡನನ್ನು ತಿಂದವಳು ಎಂದು ಅತ್ತೆ ನಂಬಿದ್ದಾಳೆಂದುಕೊಂಡು ಜೀವಮಾನವೆಲ್ಲ ಬದುಕುತ್ತಾಳೆ. ಅದು ಸಾವಿಗಿಂತ ಕಡಿಮೆಯೇ? ಹನುಮಕ್ಕನಿಗೆ ಊಟ ಸೇರಲಿಲ್ಲ.

ಮಾರನೆಯ ದಿನ ಸೊಸೆ ಗ್ಯಾಸ್ ಕಚೇರಿಗೆ ಹೋದ ಹೊತ್ತು ನೋಡಿ ಅವಳೊಬ್ಬಳೇ ಬಸ್ಸು ಹತ್ತಿ ಕೇಂದ್ರಕ್ಕೆ ಹೋದಳು. ಸೆರಗಿನ ತುದಿಯಲ್ಲಿ ಒಂದು ಚಿಟಿಕೆ ಉಪ್ಪು ಕಟ್ಟಿಕೊಂಡಿದ್ದಳು.

“ಆ ಕೋಣೇಲಿ ಆಡಿದ್ದು ಹೊರಕ್ ಕೇಳ್ತದಾ?” ಎಂದು ಮೈತ್ರೇಯಿಯನ್ನು ಮೊದಲು ಕೇಳಿದಳು.

“ಇಲ್ಲ ಅಮ್ಮ. ಆ ಸ್ಪಂಜು ಇದೆಯಲ್ಲ, ಅದು ದನೀನೆಲ್ಲ ಹೀರಿಕೊಳ್ಳುತ್ತೆ. ನೀವು ಕೂಗಿದ್ರೂ ಗೋಡೆಗೆ ತಗುಲಿ ವಾಪಸ್ ಬರಲ್ಲ, ಆಚೆಗೂ ಹೋಗಲ್ಲ.”

“ಯಾರಿಗೂ?”

“ಯಾರಿಗೂ. ಯಂತ್ರ ಒಂದು ಕೇಳಿಸಿಕೊಳ್ಳುತ್ತೆ. ನಾನು ಕೇಳಿಸಿಕೊಳ್ತೀನಿ.”

“ನಿನ್ ಕಣ್ಣು ಹೆಂಗೆ?” ಎಂದು ಹನುಮಕ್ಕ ಅವಳ ಮುಖವನ್ನೇ ದಿಟ್ಟಿಸಿದಳು. ಆ ಹುಡುಗಿ ಕನ್ನಡಕ ತೆಗೆದು, ದುಪಟ್ಟಾದಿಂದ ಒರೆಸಿಕೊಂಡು, “ಒಳ್ಳೇದೇ ಇರಬೇಕು ಅಮ್ಮ” ಎಂದಳು.

ಬಾಗಿಲು ಮುಚ್ಚಿತು. ಮುಚ್ಚಿದ ಸದ್ದೂ ಆಗಲಿಲ್ಲ. ಇಂಥ ಮೌನವನ್ನು ಹನುಮಕ್ಕ ಕಂಡಿರಲಿಲ್ಲ. ಹಳ್ಳಿಯ ನಡುಮಧ್ಯಾಹ್ನದಲ್ಲೂ ಎಲ್ಲೋ ಒಂದು ನೊಣ ಗುಂಯ್ ಎನ್ನುತ್ತದೆ. ಇಲ್ಲಿ ಏನೂ ಇಲ್ಲ, ತನ್ನದೇ ರಕ್ತ ಕಿವಿಯಲ್ಲಿ ಹರಿಯುವುದು ಕೇಳುತ್ತದೆ. ದೇವರಿಗೂ ವಿಧಿಗೂ ಕೇಳದ ಜಾಗ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಅದು ಇದೇ ಇರಬೇಕು ಎನ್ನಿಸಿತು. ಉಪ್ಪಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ನನ್ ಸೊಸೆ ಹೆಸರು ಸಿಂಚನ” ಎಂದು ಶುರುಮಾಡಿದಳು. “ನನ್ ಮಗ ಆಸ್ಪತ್ರೇಲಿದ್ದಾಗ ಅವ್ಳು ನನ್ನ ಒಂದಿನಾನೂ ಅಲ್ಲಿ ಮಲಗಕ್ ಬಿಡ್ಲಿಲ್ಲ. ನಿಮ್ಗೆ ಬೆನ್ನು ನೋವ್ತದೆ ಮನೆಗ್ ಹೋಗಿ ಅಂತ ಕಳ್ಸಿ, ತಾನು ನೆಲದ ಮೇಲೆ ಕೂತಿರೋಳು. ಅವ್ನು ಹೋದಾಗ ಅವ್ಳಿಗೆ ಇನ್ನೂ ಅರಿಶಿನ ಮಾಸಿರ್ಲಿಲ್ಲ. ತವರಿನೋರು ಕರೆದ್ರು. ಹೋಗ್ಲಿಲ್ಲ. ಅತ್ತೆ ಒಬ್ರೇ ಆಗ್ತಾರೆ ಅಂದ್ಲು.”

ಉಪ್ಪಿನ ಗಂಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

“ಹೋದ್ ವರ್ಷ ನಂಗೆ ಕಾಯ್ಲೆ ಆಯ್ತು. ಹಾಸ್ಗೇಲೇ ಒದ್ದೆ ಮಾಡ್ಕೊಂಡ್‌ಬಿಟ್ಟೆ. ಅದೇ ಹೊತ್ಗೆ ನಾಗರತ್ನ ಬಂದ್ಲು ನೋಡಾಕೆ. ನಾಚ್ಕೇಲಿ ಸತ್ತೇ ಹೋಗ್ಬೇಕು ಅನ್ನಿಸ್ತು. ಇವ್ಳು ಚೊಂಬು ತಗಂಡು ಬಂದು ನನ್ ಹಾಸ್ಗೆ ಮೇಲೆ ನೀರು ಸುರ್ದು, ಅಯ್ಯೋ ಕೈ ಜಾರ್ತು ಕಣಕ್ಕ, ಅತ್ತೆ ಹಾಸ್ಗೆಯೆಲ್ಲ ನೆನೆಸ್‌ಬಿಟ್ಟೆ ಅಂದ್ಲು. ಆಮೇಲೆ ನಾನು ಅವ್ಳಿಗೆ ಬೈದೆ, ಕೈಲಿ ಜೀವ ಇಲ್ವಾ ಅಂತ. ಬೈಸ್ಕೊಂಡ್ಲು. ಇವತ್ತಿನವರ್ಗೂ ಆ ಮಾತು ಎತ್ತಿಲ್ಲ.”

ಈಗ ಮಾತು ತಾನಾಗಿ ಬರುತ್ತಿತ್ತು. ಎಷ್ಟೋ ವರ್ಷ ಮುಚ್ಚಿಟ್ಟ ಮಡಕೆಯ ಬಾಯಿ ತೆರೆದಿತ್ತು. ಚೇತನನ ತಿಥಿಯ ದಿನ ಸಿಂಚನ ಯಾರೂ ಹೇಳದೆ ಅವನಿಗಿಷ್ಟವಾದ ಹಿತಕಿದ ಅವರೆಕಾಳಿನ ಸಾರು ಮಾಡುವುದು, ತಾನು ತಿನ್ನದಿರುವುದು. ತನ್ನ ತಲೆ ಬಾಚುವಾಗ ಸಿಕ್ಕು ಬಂದರೆ ಬುಡ ಹಿಡಿದು ನೋಯದ ಹಾಗೆ ಬಿಡಿಸುವುದು. ಪಕ್ಕದ ಬೀದಿಯ ಮಕ್ಕಳಿಗೆ ಹೊಟ್ಟೆ ಕೆಟ್ಟಾಗ ನಲ್ಲಿಯ ನೀರನ್ನು ಪರೀಕ್ಷೆಗೆ ಹೊತ್ತೊಯ್ದು, ಬೀದಿಯವರೆಲ್ಲ ನಕ್ಕರೂ ಬಿಡದೆ ಹೊಸ ಪೈಪು ಹಾಕಿಸಿದ್ದು. ಒಂದೊಂದನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಕೊನೆಗೆ ಆ ವಾಕ್ಯದ ಬಾಗಿಲಿಗೇ ಬಂದು ನಿಂತಳು. ಅಲ್ಲಿಗೆ ಬಾರದೆ ಬೇರೆ ದಾರಿ ಇರಲಿಲ್ಲ. ಮೈ ನಡುಗಿತು. ಉಪ್ಪಿನ ಮುಷ್ಟಿ ಬಿಗಿದು ಹೇಳಿದಳು:

“ನನ್ ಸೊಸೆಯಂಥೋಳು ಈ ಬೀದೀಲಿ ಇನ್ನೊಬ್ಳಿಲ್ಲ.”

ಹೊರಗೆ ಬಂದಾಗ ಮೈತ್ರೇಯಿ ಪರದೆಯ ಕಡೆಗೆ ಬೆನ್ನು ಹಾಕಿ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

“ಆಯ್ತಾ?” ಎಂದಳು ಹನುಮಕ್ಕ. “ಸಾಲ್ದಾ?”

“ಅಮ್ಮ, ಯಂತ್ರ ಹುಸಿ ಅಂತ ಬರ್ಕೊಂಡಿದೆ.”

ಹನುಮಕ್ಕನಿಗೆ ಅರ್ಥವಾಗಲಿಲ್ಲ.

“ನಿಮಗೆ ತುಂಬ ಹೆದರಿಕೆ ಆಗಿತ್ತು ಅಲ್ವಾ? ಹೆದರಿದ್ರೂ ಗಂಟಲು ಬಿಗಿಯುತ್ತೆ, ಸುಳ್ಳು ಹೇಳಿದ್ರೂ ಬಿಗಿಯುತ್ತೆ. ಎರಡೂ ಒಂದೇ ಥರ. ಯಂತ್ರಕ್ಕೆ ಅದು ಬೇರೆ, ಇದು ಬೇರೆ ಅನ್ನೋದು ಗೊತ್ತಾಗಲ್ಲ. ಕೊನೆ ಮಾತಿಗಂತೂ...” ಅವಳು ಅಷ್ಟಕ್ಕೇ ನಿಲ್ಲಿಸಿದಳು. “ಒಳ್ಳೇ ಮಾತಾಡೋಕೆ ಯಾರಾದ್ರೂ ಇಷ್ಟು ಹೆದರ್ತಾರೆ ಅಂತ ನಮಗ್ಯಾರಿಗೂ ಹೊಳೀಲೇ ಇಲ್ಲ ಅಮ್ಮ, ಇದನ್ನ ಕಟ್ಟೋವಾಗ.”

“ನಿಂಗ್ ಗೊತ್ತಾಯ್ತಾ, ನಾನು ಸುಳ್ಳೇಳ್ಲಿಲ್ಲ ಅಂತ?”

“ಗೊತ್ತಾಯ್ತು.”

“ಹಂಗಾದ್ರೆ ನೀನೇ ಬರಿಯವ್ವ, ದಿಟ ಅಂತ.”

“ನಾನು ಬರೆದ್ರೆ ಲೆಕ್ಕಕ್ಕೆ ಬರಲ್ಲ. ಮನುಷ್ಯರ ಮಾತನ್ನ ಕೊಂಡ್ಕೋಬಹುದು ಅಂತಾನೇ ಇದನ್ನ ಮಾಡಿದ್ದು.”

ಹನುಮಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಡಬಾರದ ಮಾತನ್ನು ಆಡಿದ್ದಾಯಿತು, ಕೆಲಸವೂ ಹೋಯಿತು. “ಹಂಗಾದ್ರೆ ನಾನ್ ಆಡಿದ್ದನ್ನ ಅಳಿಸ್‌ಬಿಡು ತಾಯಿ. ಒಂದಕ್ಷರ ಉಳೀಬಾರ್ದು.”

“ಅದೂ ನನ್ನ ಕೈಲಿಲ್ಲ ಅಮ್ಮ. ಒಂದು ನಿಯಮ ಇದೆ, ನಾನು ಮೊದಲೇ ಹೇಳಬೇಕಿತ್ತು...” ಎಂದು ಮೈತ್ರೇಯಿ ಏನೋ ಹೇಳಹೊರಟಳು. ಹನುಮಕ್ಕ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಶನಿವಾರ ಬೆಳಗ್ಗೆ ಹನುಮಕ್ಕ ತಳ್ಳುಗಾಡಿಯಿಂದ ಸೊಪ್ಪು ತೆಗೆದುಕೊಂಡು ಬರುತ್ತಿದ್ದಳು. ತನ್ನ ಮನೆಯ ಮುಂದೆ ರುದ್ರಯ್ಯ, ನಾಗರತ್ನ, ಇನ್ನೊಬ್ಬರು ಯಾರೋ ನಿಂತಿದ್ದರು. ಬಾಗಿಲು ಹಾರುಹೊಡೆದಿತ್ತು. ಒಳಗಿನಿಂದ ಯಾರೋ ಮಾತಾಡುತ್ತಿದ್ದರು, ದನಿ ಎಲ್ಲೋ ಕೇಳಿದ್ದು ಎನ್ನಿಸಿತು. ಇನ್ನೆರಡು ಹೆಜ್ಜೆ ಇಟ್ಟಮೇಲೆ ಅದು ತನ್ನದೇ ದನಿ ಎಂದು ತಿಳಿಯಿತು.

“...ಇವ್ಳು ಚೊಂಬು ತಗಂಡು ಬಂದು ನನ್ ಹಾಸ್ಗೆ ಮೇಲೆ ನೀರು ಸುರ್ದು...”

ನಾಗರತ್ನ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಹನುಮಕ್ಕ ಸೊಪ್ಪನ್ನು ಅಲ್ಲೇ ಬಿಸಾಕಿ ಒಳಗೆ ಓಡಿದಳು. ಸಿಂಚನ ಗೋಡೆಯ ಮುಂದೆ ನೆಲದ ಮೇಲೆ ಕೂತಿದ್ದಳು. ಮಾತಾಡುತ್ತಿದ್ದದ್ದು ಪೆಟ್ಟಿಗೆ. ಎರಡನೆಯ ಪರೀಕ್ಷೆಯಲ್ಲೂ ಅರ್ಜಿ ತಿರಸ್ಕಾರವಾದರೆ ಅಲ್ಲಿ ಆಡಿದ್ದನ್ನೆಲ್ಲ ಅಭ್ಯರ್ಥಿಗೆ ಕೇಳಿಸಿಯೇ ಪೆಟ್ಟಿಗೆ ಬಾಯಿ ಮುಚ್ಚಬೇಕು, ಅದೇ ಮೈತ್ರೇಯಿ ಹೇಳಹೊರಟಿದ್ದ ನಿಯಮ. ಚುಕ್ಕೆ ಕೆಂಪಗಿತ್ತು. ಒಂದೊಂದು ಮಾತು ಮುಗಿದಮೇಲೂ ಇನ್ನೊಂದು ತಣ್ಣನೆಯ ದನಿ ‘ಹುಸಿ’ ಎಂದು ಹೇಳುತ್ತಿತ್ತು.

“ನಿಲ್ಸು! ಬಾಗಿಲ್ ಹಾಕು!” ಎಂದು ಹನುಮಕ್ಕ ಕಿರುಚಿದಳು. ಎರಡೂ ಕೈಯಿಂದ ಪೆಟ್ಟಿಗೆಯ ತೂತುಗಳನ್ನು ಮುಚ್ಚಿದಳು. ಅದು ಅವಳ ಅಂಗೈಯೊಳಗೇ ಮಾತಾಡುತ್ತ ಹೋಗಿ ಕೊನೆಯ ವಾಕ್ಯಕ್ಕೆ ಬಂತು. ಹಗಲು ಹೊತ್ತಿನಲ್ಲಿ, ತೆರೆದ ಬಾಗಿಲಲ್ಲಿ, ಬೀದಿಯ ಕಣ್ಣುಗಳ ಮುಂದೆ.

“ನನ್ ಸೊಸೆಯಂಥೋಳು ಈ ಬೀದೀಲಿ ಇನ್ನೊಬ್ಳಿಲ್ಲ.”

“ಹುಸಿ” ಎಂದಿತು ಯಂತ್ರ. ಚುಕ್ಕೆ ಆರಿಹೋಯಿತು.

ಸಿಂಚನ ಎದ್ದು ಬಾಗಿಲು ಹಾಕಿದಳು. ತಿರುಗಿ ನಿಂತಾಗ ಅವಳ ಮುಖವೆಲ್ಲ ತೊಯ್ದಿತ್ತು.

“ಅತ್ತೆ, ಯಾಕೆ ನಡುಗ್ತಿದೀರಿ? ಯಾಕೆ ಅಲ್ಲೂ ಹಾಗೆ ನಡುಗ್ತಿದ್ರಿ?”

ಆಗ ಹನುಮಕ್ಕ ಹೇಳಿದಳು. ಸಿಹಿ ಹಂಚಿದ ದಿನ, ಬಾಯಿಂದ ಜಾರಿದ ಮಾತು, ನಿವಾಳಿಸಲು ಮರೆತದ್ದು, ಎಲ್ಲವನ್ನೂ ಗೋಡೆಗೊರಗಿ ಕೂತು ಹೇಳಿದಳು. “ನಿನ್ ಕಾಲ್ಗುಣ ಅಲ್ಲ ಕಣೇ. ನನ್ ಬಾಯಿ. ನನ್ ಹಾಳ್ ಬಾಯಿ. ನಿನ್ನಾದ್ರೂ ಉಳಿಸ್ಕಳಣ ಅಂತ ಬೈಯ್ತಿದ್ದೆ. ಈಗ ಅದನ್ನೂ ಆಡ್‌ಬಿಟ್ಟೆ. ಬೀದಿಯೆಲ್ಲ ಕೇಳ್‌ಬಿಡ್ತು.”

ಜ್ವರ, ವೈರಸ್ಸು, ಡಾಕ್ಟರು ಎಂದು ಸಿಂಚನ ಅತ್ತೆಗೆ ತಿಳಿಹೇಳಬಹುದಿತ್ತು. ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಡಬ್ಬಿ ತಡಕಾಡಿ ಒಂದು ಹಿಡಿ ಒಣಮೆಣಸಿನಕಾಯಿ, ಕಲ್ಲುಪ್ಪು ತಂದು ಅತ್ತೆಯ ಮಡಿಲಿಗೆ ಹಾಕಿದಳು.

“ಮತ್ತೇನು ನೋಡ್ತೀರಿ? ದೃಷ್ಟಿ ತೆಗೀರಿ” ಎಂದು ಎದುರಿಗೆ ಕೂತಳು.

ಮನೆಯಲ್ಲಿದ್ದದ್ದು ಕರೆಂಟಿನ ಒಲೆ. ಕೆಂಡಕ್ಕೆಂದು ಎರಡು ತೆಂಗಿನ ಕರಟ ಹುಡುಕಿ, ಹಳೆಯ ಬಾಣಲೆಯಲ್ಲಿಟ್ಟು ಹಚ್ಚಿದರು. ಸೂರಿನಲ್ಲಿದ್ದ ಹೊಗೆಗಂಟೆ ಬಡಿದುಕೊಂಡೀತೆಂದು ಸಿಂಚನ ಸ್ಟೂಲು ಹತ್ತಿ ಅದಕ್ಕೆ ಒದ್ದೆಬಟ್ಟೆ ಸುತ್ತಿದಳು. ಕರಟ ಕೆಂಪಾಯಿತು. ಹನುಮಕ್ಕ ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ, ಪೊರಕೆಯ ನಾಲ್ಕು ಕಡ್ಡಿ ಹಿಡಿದು ಸೊಸೆಯ ತಲೆಯಿಂದ ಕಾಲಿನವರೆಗೆ ಇಳಿತೆಗೆದಳು.

“ಬೀದಿಯೋರ್ ಕಣ್ಣು, ಬಂದೋರ್ ಕಣ್ಣು, ಕಣ್ಣಿಲ್ಲದ ಪೆಟ್ಟಿಗೆ ಕಣ್ಣು” ಎಂದು ಗೊಣಗುತ್ತ ಬಂದವಳು ಒಂದು ಗಳಿಗೆ ತಡೆದು, “ಈ ಪಾಪಿ ಮುದುಕಿ ಬಾಯಿ” ಎಂದು ಸೇರಿಸಿದಳು. ಥೂ ಥೂ ಥೂ ಎಂದು ಉಗಿದು ಕೆಂಡದ ಮೇಲೆ ಹಾಕಿದಳು.

ಉಪ್ಪು ಚಟಪಟ ಸಿಡಿಯಿತು. ದೃಷ್ಟಿ ಆಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ, ಅಂಥ ಮನೆಗಳನ್ನು ಹನುಮಕ್ಕ ಕಂಡಿದ್ದಳು. ಬಾಣಲೆಯಿಂದ ತೆಳುವಾಗಿ ಹೊಗೆ ಎದ್ದಿತು. ಮೆಣಸಿನಕಾಯಿ ಕಪ್ಪಗಾಗುತ್ತ ಬಂತು. ಹನುಮಕ್ಕ ಉಸಿರು ಹಿಡಿದು ಕೂತಿದ್ದಳು. ಏನೂ ಇಲ್ಲ. ಮಗನ ಮುಖ ಕಣ್ಣಿಗೆ ಬಂತು. ದೇವರೇ, ಇವಳನ್ನು ಬಿಟ್ಟುಬಿಡು ಎಂದು ಮನಸ್ಸಿನಲ್ಲೇ ಕೂಗಿಕೊಂಡಳು.

ಸಿಂಚನಳಿಗೆ ಮೊದಲು ಕೆಮ್ಮು ಬಂತು. ಆಮೇಲೆ ಹನುಮಕ್ಕನಿಗೆ. ಘಾಟು ಮನೆ ತುಂಬಿ, ಗಂಟಲು ಹಿಡಿದು, ಇಬ್ಬರೂ ಎದೆ ಹಿಡಿದುಕೊಂಡು ಕಣ್ಣುಮೂಗಿನಲ್ಲಿ ನೀರು ಸುರಿಸುತ್ತ ಕೆಮ್ಮಿದರು. ಹೊರಗೆ ನಿಂತಿದ್ದ ರುದ್ರಯ್ಯನೂ ಕೆಮ್ಮಿದ. ಹನುಮಕ್ಕ ಕೆಮ್ಮುತ್ತಲೇ ಸೊಸೆಯ ತಲೆ, ಕೆನ್ನೆ, ಭುಜಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಬಿಕ್ಕಳಿಸಿ ಅತ್ತಳು. ಮಗ ಸತ್ತ ಮೇಲೆ ಅವಳು ಹಾಗೆ ಅತ್ತದ್ದು ಅದೇ ಮೊದಲು.

ಹೊಗೆ ಕರಗಿದ ಮೇಲೆ ಸಿಂಚನ ಅಣ್ಣನಿಗೆ ಫೋನು ಮಾಡಿ ನಾಳೆ ಬರಬೇಡ ಎಂದಳು. ಅದೇ ನೀರಿನ ಘಟಕದಲ್ಲಿ ತೊಟ್ಟಿಯ ಕೆಸರು ಬಾಚುವ ಕೆಲಸವಿತ್ತು. ದಿನಗೂಲಿ, ಮನೆಗಿನೆ ಕೊಡುವುದಿಲ್ಲ. ಆ ಕೆಲಸಕ್ಕೆ ಮನೆಕಿವಿಯೂ ಬೇಕಿರಲಿಲ್ಲ, ಅದಕ್ಕೆ ಸಾಲು ನಿಲ್ಲುವವರಿರಲಿಲ್ಲ. ಚಿಕ್ಕದೊಂದು ಕೋಣೆ ನೋಡಿಕೊಂಡರಾಯಿತು ಎಂದಳು. ಸೂಟ್‌ಕೇಸಿನಿಂದ ಸೀರೆಗಳನ್ನು ತೆಗೆದು, ಅತ್ತೆಯವೂ ತನ್ನವೂ ಬೇರೆ ಮಾಡದೆ ಬೀರುವಿಗೆ ತುಂಬಿದಳು. ನಡುನಡುವೆ ಇನ್ನೂ ಕೆಮ್ಮುತ್ತಿದ್ದಳು.

ಹನುಮಕ್ಕ ಸೆರಗಿನಿಂದ ಮೂಗೊರೆಸಿಕೊಂಡು ಅವಳನ್ನೇ ನೋಡುತ್ತಿದ್ದಳು.

“ಕಾಗೆ ಕೂಗ್ದಂಗ್ ಕೆಮ್ತಾಳೆ ನೋಡು” ಎಂದಳು. “ನೆಟ್ಟುಗೆ ಕೆಮ್ಮಕ್ಕೂ ಬರಲ್ಲ ಇವ್ಳಿಗೆ.”

ಸಿಂಚನ ತಿರುಗಿ ನೋಡಿದಳು.

“ಕೇಳಿಸ್ತು ಅತ್ತೆ” ಎಂದಳು.